ಹಳೇ ಬೇಟೆ ರೈಫಲ್‌ನ ಮನೆ ರಿಪೇರಿಗಳು: ಯಾವುದನ್ನು ಬಿಡಲಿ, ಯಾವುದನ್ನು ಬಿಚ್ಚಲಿ?

ತಂತಿಹಿಡಿ:

ದೊಡ್ಡಪ್ಪನ ಬೇಟೆ ರೈಫಲ್ ಈಗ ನನ್ನ ಹೆಸರಿಗೆ ಬಂದಿದೆ. ಲೈಸೆನ್ಸ್ ಕೆಲಸ ಎಲ್ಲ ಮುಗಿದಿದೆ, ಅದರ ಬಗ್ಗೆ ಪ್ರಶ್ನೆ ಇಲ್ಲ. 98 ಮಾದರಿಯ ಮೌಸರ್ (ಜರ್ಮನಿಯ ಹಳೇ ಬೋಲ್ಟ್ ರೈಫಲ್), 7×57 ಅಳತೆಯ ತೋಟಾ. ನನ್ನ ತಲೆನೋವು ಅದರ ಮೇಲೆ ನಡೆದಿರುವ ರಿಪೇರಿಗಳದ್ದು. ದೊಡ್ಡಪ್ಪ ಯಾವುದನ್ನೂ ಎಸೆಯುವ ಆಸಾಮಿ ಅಲ್ಲ. ರಿಪೇರಿಗೆ ಅಂತ ಇನ್ನೊಬ್ಬರ ಕೈಗೆ ಕೊಡುವವರೂ ಅಲ್ಲ. ಕೈಗೆ ಸಿಕ್ಕಿದ್ದರಲ್ಲೇ ಎಲ್ಲ ಮಾಡಿಕೊಂಡಿದ್ದಾರೆ.

ಟ್ರಿಗರ್ ಹಿಂದೆ ಕೈ ಸುತ್ತುವ ಸಣ್ಣ ಜಾಗದಲ್ಲಿ ಮರ ಯಾವಾಗಲೋ ಪೂರ್ತಿ ಮುರಿದಿರಬೇಕು. ಅಲ್ಲಿ ತಾಮ್ರದ ತಂತಿಯನ್ನು ಒತ್ತೊತ್ತಾಗಿ ಸುತ್ತಿ, ಮೇಲೆ ತವರದ ಬೆಸುಗೆ ಹರಿಸಿದ್ದಾರೆ. ತಂತಿಯ ಪಕ್ಕದಲ್ಲಿ ಎರಡು ಮರದ ಸ್ಕ್ರೂ ತಲೆ ಕಾಣುತ್ತವೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಮುಂದಿನ ಸೈಟ್ ಒಂದು ನಾಣ್ಯದ ತುಂಡು. ನಾಣ್ಯದ ಅಂಚಿನ ಗೀರುಗಳು ಇನ್ನೂ ಅಳಿಸಿಲ್ಲ. ಕಬ್ಬಿಣದ ಭಾಗವನ್ನು ಮರದಿಂದ ಎತ್ತಿದರೆ, ಹಿಂದಕ್ಕೆ ಚಾಚಿದ ಪಟ್ಟಿಯ, ಅಂದರೆ ಬಾಲದ, ಕೆಳಗೆ ಡಬ್ಬಿ ತಗಡು ಮಡಿಸಿ ತುರುಕಿದ್ದಾರೆ. ತೋಟಾವನ್ನು ಒಳಗೆ ತಳ್ಳಿ ಬೀಗ ಹಾಕುವ ಬೋಲ್ಟಿನ ಹಿಡಿಕೆ ಕಡಿದು, ಬಗ್ಗಿಸಿ, ಹಿತ್ತಾಳೆ ಬೆಸುಗೆ ಹಾಕಿದ್ದಾರೆ. ತೋಟಾಕ್ಕೆ ಬಡಿದು ಸಿಡಿಸುವ ಫೈರಿಂಗ್ ಪಿನ್ನಿನ ತುದಿ ಬೇರೆಯೇ ಬಣ್ಣ. ದಪ್ಪ ಮೊಳೆಯನ್ನು ಅರದಲ್ಲಿ ಉಜ್ಜಿ ಕೂರಿಸಿದ್ದಾರೆ ಅಂತ ನನ್ನ ಅನುಮಾನ.

ನೋಡಲು ಚೆನ್ನಾಗಿಲ್ಲ, ನಿಜ. ಆದರೆ ಎಲ್ಲ ಕಿತ್ತು ಫಳಫಳ ಮಾಡುವ ಆಸೆ ನನಗಿಲ್ಲ. ಆ ತಂತಿ ನೋಡಿದರೆ ದೊಡ್ಡಪ್ಪನ ಕೈಬರಹ ನೋಡಿದ ಹಾಗೆ ಆಗುತ್ತೆ. ಹಾಗಂತ ಸುಮ್ನೆ ಗೋಡೆಗೆ ನೇತು ಹಾಕುವುದೂ ಇಷ್ಟ ಇಲ್ಲ. ಯಾವುದನ್ನು ಹಾಗೇ ಬಿಡಬಹುದು, ಯಾವುದನ್ನು ಬಿಡಲೇಬಾರದು? ತಿಳಿದವರು ಹೇಳಿ.

ಬೀಟೆಮರ:

ಮರದ ಕೆಲಸ ನನ್ನದು, ಹಾಗಾಗಿ ಮರದ ಮಾತು ಮಾತ್ರ ಹೇಳುತ್ತೇನೆ.

ಮೊದಲು ತಂತಿ. ಅದನ್ನು ಬೈಯಬೇಡಿ. ಈಶಾಪುರದ ಕಾರ್ಖಾನೆಯಲ್ಲಿ ಗ್ರೆನೇಡ್ ಹಾರಿಸಲು ಮೀಸಲಿಟ್ಟ ಲೀ-ಎನ್‌ಫೀಲ್ಡ್ ರೈಫಲ್‌ಗಳ ಮುಂಭಾಗಕ್ಕೆ ಹೀಗೇ ತಂತಿ ಸುತ್ತಿ ಬೆಸುಗೆ ಹಾಕುತ್ತಿದ್ದರು. ಅದು ಸೈನ್ಯದ ಕೆಲಸ, ಯಾರೂ ನಾಟಿ ರಿಪೇರಿ ಅನ್ನಲಿಲ್ಲ. ಉತ್ತರ ಅಮೆರಿಕದ ಮೂಲನಿವಾಸಿಗಳು ಮುರಿದ ಜಾಗಕ್ಕೆ ಹಸಿ ಚರ್ಮ ಹೊಲಿದು ಬಿಡುತ್ತಿದ್ದರು. ಚರ್ಮ ಒಣಗುತ್ತಾ ಕುಗ್ಗಿ, ಮರವನ್ನು ಕಚ್ಚಿ ಹಿಡಿಯುತ್ತೆ. ಅಂಥ ರಿಪೇರಿ ಇರುವ ರೈಫಲ್‌ಗಳು ಇವತ್ತು ಮ್ಯೂಸಿಯಮ್‌ಗಳಲ್ಲಿವೆ.

ಆ ಜಾಗ ಮುರಿಯುವುದು ಯಾಕೆ ಗೊತ್ತಾ? ಸ್ಟಾಕಿನಲ್ಲಿ, ಅಂದರೆ ರೈಫಲ್‌ನ ಮರದ ಭಾಗದಲ್ಲಿ, ಅತಿ ತೆಳ್ಳಗಿನ ಜಾಗ ಅದೇ, ಅಲ್ಲೇ ಮರ ಬಾಗುತ್ತೆ. ಮರದ ಎಳೆ ಉದ್ದಕ್ಕೆ ಓಡದೆ ಓರೆಯಾಗಿ ಹಾದಿದ್ದರೆ ಒಂದು ಸಲ ಕೆಳಗೆ ಬಿದ್ದರೂ ಸಾಕು. ಆದರೆ ನಿಮ್ಮ ರೈಫಲ್ ಬಿದ್ದು ಮುರಿದಿದ್ದು ಅಂತ ನನಗೆ ಅನಿಸುತ್ತಿಲ್ಲ. ಆ ಡಬ್ಬಿ ತಗಡು ಬೇರೆ ಕಥೆ ಹೇಳುತ್ತಿದೆ.

ಮೌಸರ್‌ನಲ್ಲಿ ಗುಂಡು ಹಾರಿದಾಗಿನ ಒದೆತವನ್ನು ಮರಕ್ಕೆ ದಾಟಿಸುವುದು ನಳಿಗೆಯ ಬುಡದ ಕೆಳಗಿರುವ ಅಡ್ಡ ಕಟ್ಟೆ. ಇಂಗ್ಲಿಷಿನವರು ರಿಕಾಯ್ಲ್ ಲಗ್ ಅನ್ನುತ್ತಾರೆ. ಅದರ ಬೆನ್ನು ಮರಕ್ಕೆ ಸರಿಯಾಗಿ ಕೂತಿರಬೇಕು. ಎಣ್ಣೆ ಕುಡಿದು ಕುಡಿದು ಅಲ್ಲಿನ ಮರ ಮೆತ್ತಗಾದರೆ ಕಬ್ಬಿಣ ಒಂದಿಷ್ಟು ಹಿಂದೆ ಸರಿಯುತ್ತೆ. ಆಗ ಬಾಲದ ತುದಿ ಮರಕ್ಕೆ ಬೆಣೆ ಹೊಡೆದಂತೆ ತಾಗುತ್ತೆ. ಪ್ರತಿ ಗುಂಡಿಗೂ ಸೀಳು ಬೆಳೆಯುತ್ತಾ ಹೋಗುತ್ತೆ. ನಿಮ್ಮ ದೊಡ್ಡಪ್ಪನಿಗೆ ಅಲ್ಲೇನೋ ಅಲ್ಲಾಡುತ್ತಿದೆ ಅಂತ ಗೊತ್ತಾಗಿದೆ, ತಗಡು ತುರುಕಿದ್ದಾರೆ. ಕಾಯಿಲೆ ಗೊತ್ತಾಗಿದೆ, ಮದ್ದು ಹಚ್ಚಿದ್ದು ಬೇರೆ ಜಾಗಕ್ಕೆ. ತಗಡು ತೆಗೆಯಿರಿ. ಕಟ್ಟೆಯ ಹಿಂದಿನ ಮರ ಕಪ್ಪಾಗಿ, ಉಗುರು ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗಿದ್ದರೆ ಅದನ್ನು ಕೆತ್ತಿ ಎಪಾಕ್ಸಿ ತುಂಬಬೇಕು. ಬಾಲದ ಹಿಂದೆ ಕಾಗದದಷ್ಟು ಸಂದು ಬಿಡಿ.

ಸ್ಕ್ರೂಗಳು ನನಗೆ ಇಷ್ಟ ಇಲ್ಲ. ಸೀಳಿದ ಮರಕ್ಕೆ ಮರದ ಸ್ಕ್ರೂ ಹಾಕಿದರೆ ಅದು ಎರಡನ್ನೂ ಸೇರಿಸುವುದಕ್ಕಿಂತ ಇನ್ನಷ್ಟು ಅಗಲಿಸುವುದೇ ಜಾಸ್ತಿ. ಆದರೆ ಕಿತ್ತರೆ ತಂತಿಯ ಕೆಳಗೆ ಏನಾಗುತ್ತೋ ಹೇಳಲಾಗದು. ಹೀಗೆ ಮಾಡಿ: ರೈಫಲ್ ಖಾಲಿ ಇದೆ ಅಂತ ಖಚಿತ ಮಾಡಿಕೊಂಡು, ತಂತಿ ಸುತ್ತಿರುವ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿ. ಕಿರ್ ಅಂದರೆ, ಅಥವಾ ತಂತಿಯ ಅಂಚಲ್ಲಿ ಎಣ್ಣೆ ಗುಳ್ಳೆ ಎದ್ದರೆ ಒಳಗೆ ಸೀಳು ಜೀವಂತ ಇದೆ ಅಂತ ಅರ್ಥ. ಆಗ ಬಿಚ್ಚಲೇಬೇಕು. ಅಸಿಟೋನ್‌ನಲ್ಲಿ ಮತ್ತೆ ಮತ್ತೆ ತೊಳೆದು ಎಣ್ಣೆ ತೆಗೆಯದೆ ಅಂಟು ಹಾಕಬೇಡಿ. ಎಣ್ಣೆ ಮರಕ್ಕೆ ಯಾವ ಅಂಟೂ ನಿಲ್ಲೋದಿಲ್ಲ. ಅಂಟು ಹಿಡಿದ ಮೇಲೆ ಅದೇ ತಂತಿ ಮತ್ತೆ ಸುತ್ತಿ, ಯಾರು ಬೇಡ ಅಂತಾರೆ?

ಲೇತ್ ಕೆಲಸಗಾರ:

ಮರದ ರಿಪೇರಿ ಕೈಕೊಟ್ಟರೆ ರೈಫಲ್ ಎರಡು ತುಂಡಾಗುತ್ತೆ. ಕಬ್ಬಿಣದ ರಿಪೇರಿ ಕೈಕೊಟ್ಟರೆ ಮುಖ ಹೋಗುತ್ತೆ. 7×57ರ ಗರಿಷ್ಠ ಒತ್ತಡ 3,900 ಬಾರ್. ಅದು ನಿಮ್ಮ ಕಣ್ಣಿನಿಂದ ಒಂದು ಗೇಣು ದೂರದಲ್ಲಿ ಆಗುವ ಕೆಲಸ.

ಮೊಳೆ ಪಿನ್ ಇವತ್ತೇ ತೆಗೆಯಿರಿ. ಮೊಳೆ ಮೆತ್ತನೆ ಕಬ್ಬಿಣ. ಬಡಿದು ಬಡಿದು ತುದಿ ಅಣಬೆಯಾಗುತ್ತೆ, ಇಲ್ಲವೇ ಸವೆದು ಚೂಪಾಗುತ್ತೆ. ಪಿನ್ ಬೋಲ್ಟಿನ ಮುಖದಿಂದ ಸುಮಾರು ಒಂದೂವರೆ ಮಿಲಿಮೀಟರ್ ಹೊರಗೆ ಬರಬೇಕು, ತುದಿ ದುಂಡಗಿರಬೇಕು. ಕಡಿಮೆ ಬಂದರೆ ತೋಟಾ ಸಿಡಿಯೋದಿಲ್ಲ, ಅದು ಪರವಾಗಿಲ್ಲ. ಜಾಸ್ತಿ ಬಂದರೆ ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ತೂತಾಗಿ ಕಾದ ಗ್ಯಾಸ್ ಬೋಲ್ಟಿನೊಳಗೆ ನುಗ್ಗುತ್ತೆ. 98ರ ಬೋಲ್ಟಿನಲ್ಲಿ ಅದನ್ನು ಪಕ್ಕಕ್ಕೆ ಬಿಡಲು ತೂತುಗಳಿವೆ. ಅದೇ ಧೈರ್ಯದ ಮೇಲೆ ಮೊಳೆ ಇಟ್ಟುಕೊಳ್ಳಬೇಡಿ.

ಹಿಡಿಕೆಯ ವಿಷಯ ಇನ್ನೂ ಕಷ್ಟ. ದುರ್ಬೀನು ಕೂರಿಸಲು ಜಾಗ ಬೇಕು ಅಂತ ಎಷ್ಟೋ ಮೌಸರ್‌ಗಳ ಹಿಡಿಕೆ ಬಗ್ಗಿಸಿದ್ದಾರೆ, ಅದೇನೂ ಅಪರಾಧ ಅಲ್ಲ. ಸರಿಯಾಗಿ ಮಾಡುವವರು ಕಾವು ಮುಂದಕ್ಕೆ ಹರಿಯದಂತೆ ಬೋಲ್ಟಿನೊಳಗೆ ದಪ್ಪ ಲೋಹದ ಕಡ್ಡಿ ಹಾಕಿ ಬೆಸುಗೆ ಮಾಡುತ್ತಾರೆ. ಹಿತ್ತಾಳೆ ಬೆಸುಗೆಗೆ 900 ಡಿಗ್ರಿ ಆಸುಪಾಸು ಕಾಯಿಸಬೇಕು. ಉಕ್ಕಿನ ಹದ ಅದಕ್ಕಿಂತ ಎಷ್ಟೋ ಮೊದಲೇ ಕೆಡುತ್ತೆ. ಹಿಡಿಕೆಯ ಬುಡದ ಹತ್ತಿರವೇ ಪಿನ್ನನ್ನು ಹಿಂದಕ್ಕೆ ಎಳೆಯುವ ಓರೆ ಕಚ್ಚು ಇದೆ. ಅದು ಮೆತ್ತಗಾಗಿದ್ದರೆ ಸವೆದು ಗೀರು ಬಿದ್ದಿರುತ್ತೆ, ಬೋಲ್ಟ್ ಎತ್ತುವಾಗ ಕೈಗೆ ಭಾರ ತಿಳಿಯುತ್ತೆ. ಮುಂದಿನ ಎರಡು ಬೀಗದ ಹಲ್ಲುಗಳವರೆಗೆ ಕಾವು ಹೋಗಿದೆಯೋ ಇಲ್ಲವೋ ಕಣ್ಣಿಗೆ ಕಾಣೋದಿಲ್ಲ, ಗಟ್ಟಿತನ ಅಳೆಸಬೇಕು.

ಕಾವಿನ ವಿಷಯದಲ್ಲಿ ಕಣ್ಣಳತೆ ದೊಡ್ಡ ಕಾರ್ಖಾನೆಯನ್ನೇ ಬಿಟ್ಟಿಲ್ಲ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯಲ್ಲಿ ಕುಲುಮೆಯ ಬಣ್ಣ ನೋಡಿಯೇ ಹದ ಹೇಳುತ್ತಿದ್ದ ಕಾಲ ಇತ್ತು. 1903 ಮಾದರಿಯ ಕೆಲವು ರೈಫಲ್‌ಗಳು ಆಗ ಅತಿಯಾಗಿ ಕಾದು, ಆಮೇಲೆ ಗಾಜಿನಂತೆ ಒಡೆದವು. 8,00,000ಕ್ಕಿಂತ ಕಡಿಮೆ ನಂಬರಿನ ಅಲ್ಲಿನ ರೈಫಲ್‌ಗಳನ್ನು ಹಾರಿಸಬೇಡಿ ಅಂತ ಈಗಲೂ ಹೇಳುತ್ತಾರೆ.

ಬೋಲ್ಟನ್ನೇ ಬದಲಿಸಿ ಅಂತ ನನ್ನ ಮಾತು. ಬದಲಿಸಿದ ಮೇಲೆ ಹೆಡ್‌ಸ್ಪೇಸ್ ಗೇಜ್ (ಬೋಲ್ಟಿಗೂ ತೋಟಾ ಕೂರುವ ಗೂಡಿಗೂ ನಡುವಿನ ಜಾಗ ಅಳೆಯುವ ಅಳತೆಗೋಲು) ಹಾಕಿಸಿ ನೋಡದೆ ಒಂದು ಗುಂಡೂ ಹಾರಿಸಬೇಡಿ. ಬೇರೆ ರೈಫಲ್‌ನ ಬೋಲ್ಟ್ ಒಳಗೆ ಹೋಯಿತು ಅಂದಮಾತ್ರಕ್ಕೆ ಹೊಂದಿತು ಅಂತ ಅಲ್ಲ. ಈ ಕೆಲಸಕ್ಕೆ ಲೈಸೆನ್ಸ್ ಇರುವ ರಿಪೇರಿಯವರೇ ಬೇಕು.

ಹಳೇಸಾಮಾನು:

ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ತೆಗೆದ ಮೊಳೆ, ತಗಡು, ಎಲ್ಲಕ್ಕೂ ಚೀಟಿ ಹಚ್ಚಿ ಡಬ್ಬಿಯಲ್ಲಿಡಿ. 2014ರಲ್ಲಿ ನೆವಾಡಾದ ಗ್ರೇಟ್ ಬೇಸಿನ್ ಕಾಡಿನಲ್ಲಿ ಜುನಿಪರ್ ಮರಕ್ಕೆ ಒರಗಿಸಿದ್ದ ವಿಂಚೆಸ್ಟರ್ 1873 ಸಿಕ್ಕಿತಲ್ಲ, ಅದು 1882ರಲ್ಲಿ ತಯಾರಾದದ್ದು. ಹೆಗಲಿಗೆ ಒತ್ತುವ ಮರದ ಬಟ್ ಒಡೆದು ಬೂದು ಬಣ್ಣಕ್ಕೆ ತಿರುಗಿತ್ತು. ಮ್ಯೂಸಿಯಮ್‌ನವರು ಅದನ್ನು ಹೊಸದು ಮಾಡಲಿಲ್ಲ, ಇನ್ನಷ್ಟು ಉದುರದಂತೆ ಗಟ್ಟಿ ಮಾಡಿದರು, ಅಷ್ಟೇ. ಎಕ್ಸ್‌ರೇ ತೆಗೆದಾಗ ಬಟ್ಟಿನ ಒಳಗೂಡಿನಲ್ಲಿ ಒಂದು ತೋಟಾ ಕಾಣಿಸಿತು. ನೀವೂ ಬಟ್ ತಟ್ಟೆ ಬಿಚ್ಚಿ ನೋಡಿ, ದೊಡ್ಡಪ್ಪ ಏನಾದರೂ ಇಟ್ಟಿರಬಹುದು.

ನನ್ನನ್ನು ಕೇಳಿದರೆ ಗೋಡೆಯೇ ಸರಿ. ಬೋಲ್ಟ್ ಬದಲಿಸಿ, ಪಿನ್ ಬದಲಿಸಿ, ಮರ ತೊಳೆದ ಮೇಲೆ ದೊಡ್ಡಪ್ಪನದ್ದು ಅಂತ ಉಳಿಯುವುದು ಎಷ್ಟು?

ತಂತಿಹಿಡಿ:

ಎಲ್ಲರಿಗೂ ಥ್ಯಾಂಕ್ಸ್. ಬೋಲ್ಟ್ ಬಿಚ್ಚಿ ನೋಡಿದೆ. ಮೊಳೆಯೇ ಸರ್, ಬೆರಳಲ್ಲಿ ತಿರುಗಿಸಿದರೆ ತಿರುಗುತ್ತೆ! ಕಚ್ಚಿನಲ್ಲಿ ಗೀರೂ ಇದೆ. ಬೋಲ್ಟ್ ಚೀಟಿ ಹಚ್ಚಿಸಿಕೊಂಡು ಡಬ್ಬಿ ಸೇರಿತು. ಹಿಡಿ ತಿರುಚಿದೆ, ಸದ್ದಿಲ್ಲ, ಎಣ್ಣೆಯೂ ಬರಲಿಲ್ಲ. ಕಟ್ಟೆಯ ಹಿಂದೆ ಮಾತ್ರ ಮರ ಕಪ್ಪಾಗಿ ಮೆತ್ತಗಿದೆ, ಬೀಟೆಮರ ಅವರು ಹೇಳಿದ ಹಾಗೇ. ಬಟ್ ತಟ್ಟೆಯ ಹಿಂದೆ ಜೇಡರ ಬಲೆ ಬಿಟ್ಟರೆ ಏನೂ ಇಲ್ಲ. ಹಳೇಸಾಮಾನು ಅವರೇ, ತಂತಿ ಉಳಿಯುತ್ತಲ್ಲ, ನನಗೆ ಅಷ್ಟು ಸಾಕು.

ಇನ್ನು ನಾಣ್ಯದ ಸೈಟ್ ಒಂದು ಉಳಿಯಿತು. ಅದನ್ನೂ ಬದಲಿಸಬೇಕಾ?

ಲೇತ್ ಕೆಲಸಗಾರ:

ಅಲ್ಲಾಡದಿದ್ದರೆ ಮುಟ್ಟಬೇಡಿ. ಮುಂದಿನ ಸೈಟ್ ಎತ್ತರ ಇದ್ದಷ್ಟೂ ಗುಂಡು ಕೆಳಗೆ ಬೀಳುತ್ತೆ, ಉಜ್ಜಿದರೆ ಮೇಲೇರುತ್ತೆ. ಅವರು ತಾವು ಹಾರಿಸುವ ಗುಂಡಿನ ತೂಕಕ್ಕೆ ಸರಿಯಾಗಿ ಉಜ್ಜಿ ಉಜ್ಜಿ ನಿಲ್ಲಿಸಿರುತ್ತಾರೆ. ತೋಟಾದ ಹಳೇ ಡಬ್ಬಿ ಎಲ್ಲಾದರೂ ಇದ್ದರೆ ಮೇಲಿನ ಅಂಕಿ ನೋಡಿ.

ತಂತಿಹಿಡಿ:

ಖಾಲಿ ಡಬ್ಬಿ ಇದೆ, ಮೊಳೆ ತುಂಬಿಡಲು ಬಳಸುತ್ತಿದ್ದರು. ಗುಂಡಿನ ತೂಕ 173 ಗ್ರೇನ್ ಅಂತಿದೆ.