ವಾಕಿಂಗ್ ಜಾಸ್ತಿ ಮಾಡಿದಷ್ಟೂ ಮಲಗುತ್ತಾಳೆ, ಡಾಕ್ಟರಿಗೆ ಹೇಗೆ ಹೇಳಲಿ?

ಹೊಸನಗರದಿಂದ:
ತಂಗಿಗೆ ಡೆಂಗಿ ಬಂದು ಹೋಗಿ ವರ್ಷದ ಮೇಲಾಯಿತು. ಸುಸ್ತು ಮಾತ್ರ ಬಿಟ್ಟಿಲ್ಲ. ಒಂದು ಬಕೆಟ್ ಬಟ್ಟೆ ಒಗೆದರೆ ಎರಡು ದಿನ ಹಾಸಿಗೆ. ಥೈರಾಯ್ಡ್, ಬಿ12 ಎಲ್ಲ ನಾರ್ಮಲ್. ದೀರ್ಘಕಾಲದ ದಣಿವಿನ ಕಾಯಿಲೆ, ಎಂಇ/ಸಿಎಫ್‌ಎಸ್ ಅಂದರು. ವಾರವಾರ ವಾಕಿಂಗ್ ಹೆಚ್ಚಿಸಿ, ಸುಸ್ತಾದರೂ ನಿಲ್ಲಿಸಬೇಡಿ ಅಂತ ಚೀಟಿ ಕೊಟ್ಟಿದ್ದಾರೆ. ಇದೇ ಕಾಯಿಲೆ ಇರುವವರು ಏನು ಮಾಡಿದಿರಿ?

ತೀರ್ಥಹಳ್ಳಿಯಿಂದ:
ಆ ಸಲಹೆ ಹಳೆಯದು. ಡಾಕ್ಟರಿಗೆ ಚಿಕಿತ್ಸೆಯ ಮಾರ್ಗಸೂಚಿ ಬರೆದುಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2007ರಲ್ಲಿ ಹಾಗೇ ಹೇಳಿತ್ತು. 2011ರಲ್ಲಿ 641 ಜನರ ಮೇಲೆ ಮಾಡಿದ ‘ಪೇಸ್’ ಅಧ್ಯಯನವೂ ಅದಕ್ಕೇ ತಾಳ ಹಾಕಿತು. ಆಮೇಲೆ ರೋಗಿಗಳೇ ಕೂತು ಅದರ ಅಂಕಿಗಳನ್ನು ಕೆದಕಿದರು. ಮೈಶಕ್ತಿಗೆ ನೂರಕ್ಕೆ ಇಷ್ಟು ಅಂತ ಅಂಕ. 65 ಅಥವಾ ಅದಕ್ಕಿಂತ ಕಡಿಮೆ ಇದ್ದವರನ್ನು ಕಾಯಿಲೆಯವರು ಅಂತ ಸೇರಿಸಿಕೊಂಡಿದ್ದರು. ಗುಣವಾದರು ಅನ್ನೋಕೆ ಅದೇ ಅಂಕ 60 ಇದ್ದರೆ ಸಾಕು! 65ರಿಂದ 60ಕ್ಕೆ ಇಳಿದವರೂ ಆ ಅಂಕದಲ್ಲಿ ಪಾಸ್. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2017ರಲ್ಲಿ ಆ ಸಲಹೆ ತೆಗೆಯಿತು. ನೈಸ್ ಕೂಡ 2021ರಲ್ಲಿ, ಹೀಗೆ ಏರಿಸುತ್ತಾ ಹೋಗುವ ವ್ಯಾಯಾಮ ಕೊಡಬೇಡಿ ಅಂತ ಬರೆಯಿತು.

ನಮ್ಮನೆಯವರಿಗೆ ಇದೇ ಕಾಯಿಲೆ. ತೋಟದಿಂದ ರಸ್ತೆಗೆ ದರೆ ಹತ್ತಬೇಕು. ಹತ್ತಿದ ದಿನ ಚೆನ್ನಾಗೇ ಇರುತ್ತಾರೆ. ಮಾರನೇ ದಿನವೋ ಅದರಾಚೆ ದಿನವೋ ಬೀಳುತ್ತಾರೆ. ಗಂಟಲು ನೋವು, ಮೈಕೈ ನೋವು, ಮಾತಾಡಿಸಿದರೂ ತಲೆಗೆ ಹತ್ತುವುದಿಲ್ಲ. ಡಾಕ್ಟರು ನೋಡುವುದು ಚೆನ್ನಾಗಿರುವ ದಿನವನ್ನೇ ಅಲ್ವಾ? ಅದಕ್ಕೇ ಒಂದು ನೋಟ್‌ಬುಕ್ ಮಾಡಿದೆ. ಎಡಗಡೆ ಅವತ್ತು ಏನು ಮಾಡಿದರು, ಬಲಗಡೆ ಮುಂದಿನ ಎರಡು ದಿನ ಹೇಗಿದ್ದರು. ವಾದ ಮಾಡಲಿಲ್ಲ, ಸುಮ್ನೆ ಮುಂದೆ ಇಟ್ಟೆ. ಡಾಕ್ಟರು ನಾಲ್ಕು ಹಾಳೆ ತಿರುವಿ, ತಾವೇ ಬರೆದಿದ್ದ ‘ವಾಕಿಂಗ್’ ಮೇಲೆ ಗೀಟು ಎಳೆದರು.

ಸಾಗರದಿಂದ:
ಪೇಸಿಂಗ್ ಮಾಡಿಸಿ. ಸುಸ್ತಾಗುವ ಮೊದಲೇ ನಿಲ್ಲಿಸುವುದು, ಅಷ್ಟೇ. ಸ್ಟೂಲ್ ಮೇಲೆ ಕೂತು ಸ್ನಾನ, ಕೂತೇ ತರಕಾರಿ ಹೆಚ್ಚುವುದು. ನಮ್ಮತ್ತೆ ಸೋಮಾರಿತನ ಅಂತಾರೆ, ಅನ್ನಲಿ ಬಿಡಿ. ನಿಂತರೆ ಎದೆ ಹೊಡೆದುಕೊಳ್ಳುತ್ತಾ? ಹಾಗಿದ್ದರೆ ಮಲಗಿದಾಗ, ನಿಂತಾಗ ಎರಡೂ ಸಲ ನಾಡಿ, ಬಿಪಿ ನೋಡಲು ಹೇಳಿ.

ಸೊರಬದಿಂದ:
ನನ್ನದು ಸ್ವಲ್ಪ ಬೇರೆ ಮಾತು. ಡೆಂಗಿ, ಮಂಗನ ಕಾಯಿಲೆ ಆದಮೇಲೆ ನಿಧಾನಕ್ಕೆ ಪೂರ್ತಿ ಸುಧಾರಿಸುವವರೂ ಇದ್ದಾರೆ. ಎಲ್ಲ ಸುಸ್ತೂ ಎಂಇ ಅಲ್ಲ. ಕಬ್ಬಿಣದ ಫೆರಿಟಿನ್, ಸಕ್ಕರೆ ನೋಡಿಸಿದ್ದೀರಾ? ಮಾಡಿದ ಕೆಲಸಕ್ಕೆ ಆಮೇಲೆ ದಂಡ ತೆರುವ ಹಾಗಾದರೆ ಮಾತ್ರ ತೀರ್ಥಹಳ್ಳಿಯವರು ಹೇಳಿದ್ದೇ ಸರಿ.

ಹೊಸನಗರದಿಂದ:
ಫೆರಿಟಿನ್ ಮಾಡಿಸಿಲ್ಲ, ಮಾಡಿಸುತ್ತೇನೆ. ಶಿವಮೊಗ್ಗಕ್ಕೆ ಬಸ್ಸಲ್ಲಿ ಹೋಗಿಬಂದರೇ ಬೀಳುತ್ತಾಳಲ್ಲ, ಅದಕ್ಕೇನು ಮಾಡಲಿ?

ತೀರ್ಥಹಳ್ಳಿಯಿಂದ:
ರಕ್ತ ಹೊಸನಗರದಲ್ಲೇ ಕೊಡಿಸಿ. ನೋಟ್‌ಬುಕ್ ಹಿಡಿದುಕೊಂಡು ನೀವೊಬ್ಬರೇ ಹೋಗಿ, ಅವಳನ್ನು ಫೋನಲ್ಲಿ ಮಾತಾಡಿಸಿ. ನಾವೂ ಹಾಗೇ ಮಾಡುತ್ತೇವೆ. ಹೊಸ ಮಾರ್ಗಸೂಚಿಯ ಪ್ರಿಂಟ್ ಒಂದು ಜೊತೆಗಿರಲಿ, ಕೇಳಿದರೆ ಮಾತ್ರ ತೆಗೆಯಿರಿ.