‘ನಿರೋಧಕ’: ತಡೆಯುವುದೋ, ಕೊಲ್ಲುವುದೋ, ಜಗ್ಗದಿರುವುದೋ?

ಗೆಳೆಯರೆ,

ಮೀನಿನ ಮೈಮೇಲಿನ ಲೋಳೆ ಬ್ಯಾಕ್ಟೀರಿಯಾಗಳನ್ನು ಹೇಗೆ ಎದುರಿಸುತ್ತದೆ ಎಂಬ ಬಗ್ಗೆ ಬರೆಯುತ್ತಿದ್ದೇನೆ. ‘ಲೋಳೆ’ ಪದದ ಬಗ್ಗೆ ತಕರಾರಿಲ್ಲ. ‘ಶ್ಲೇಷ್ಮ’ ಎಂದರೆ ಕಫ ನೆನಪಾಗುತ್ತದೆ, ‘ಸಿಂಬಳ’ ಮೂಗಿಗೇ ಮೀಸಲು. ತೊಡಕಿರುವುದು ‘ನಿರೋಧಕ’ದಲ್ಲಿ.

‘ಬ್ಯಾಕ್ಟೀರಿಯಾ ನಿರೋಧಕ ವಸ್ತು’ ಎಂದರೆ ಬ್ಯಾಕ್ಟೀರಿಯಾವನ್ನು ಹತ್ತಿಕ್ಕುವಂಥದ್ದು. ‘ಔಷಧ ನಿರೋಧಕ ಬ್ಯಾಕ್ಟೀರಿಯಾ’ ಎಂದರೆ ಔಷಧಕ್ಕೆ ಜಗ್ಗದಂಥದ್ದು. ಎರಡೂ ಒಂದೇ ಪ್ಯಾರಾದಲ್ಲಿ ಬರುತ್ತವೆ, ಏಕೆಂದರೆ ಔಷಧಕ್ಕೆ ಜಗ್ಗದವನ್ನು ಮಣಿಸುವ ಹೊಸ ಅಣುಗಳು ಸಿಕ್ಕಾವೆಂದೇ ಸಂಶೋಧಕರು ಈ ಲೋಳೆಯನ್ನು ಪರೀಕ್ಷಿಸುತ್ತಿದ್ದಾರೆ. ‘ನಿರೋಧಕ ಬ್ಯಾಕ್ಟೀರಿಯಾಗಳ ಮೇಲೆ ನಿರೋಧಕ ಪೆಪ್ಟೈಡ್‌ಗಳ ಪರಿಣಾಮ’ (ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಕಿರು ಸರಪಳಿ) ಎಂದು ಬರೆದರೆ ಯಾರು ಯಾರನ್ನು ತಡೆದರು ಎಂದು ಓದುಗರಿಗೆ ಹೇಗೆ ತಿಳಿಯಬೇಕು?

ಲೋಳೆಯ ಕೆಲಸವೂ ಒಂದೇ ಬಗೆಯದಲ್ಲ. ಚರ್ಮದ ಕೋಶಗಳು ಅದನ್ನು ಸದಾ ಒಸರುತ್ತಿರುತ್ತವೆ. ಹಳೆಯ ಪದರ ಕಳಚಿ ನೀರು ಸೇರುವಾಗ ಅಂಟಿಕೊಂಡ ಬ್ಯಾಕ್ಟೀರಿಯಾಗಳನ್ನೂ ಒಯ್ಯುತ್ತದೆ. ಇಲ್ಲಿ ಕೊಲೆಯಿಲ್ಲ, ನೆಲೆಯೂರಲು ಬಿಡುವುದಿಲ್ಲ ಅಷ್ಟೆ. ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಬ್ಬಿಣ ಸಿಗದೆ ಬ್ಯಾಕ್ಟೀರಿಯಾದ ಬೆಳವಣಿಗೆ ಕುಂಠಿತವಾಗುತ್ತದೆ. ಲೈಸೋಜೈಮ್ ಹಾಗಲ್ಲ, ಬ್ಯಾಕ್ಟೀರಿಯಾದ ಕೋಶಗೋಡೆಯನ್ನೇ ಕಡಿಯುತ್ತದೆ. (1922ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಈ ಕಿಣ್ವವನ್ನು ವರದಿ ಮಾಡಿದ್ದು ನೆಗಡಿಯಾದವರ ಮೂಗಿನ ಲೋಳೆಯಿಂದ.) ವಿಂಟರ್ ಫ್ಲೌಂಡರ್ ಎಂಬ ಚಪ್ಪಟೆ ಮೀನಿನ ಲೋಳೆಯಲ್ಲಿ ಸಿಕ್ಕ ಪ್ಲ್ಯೂರೋಸಿಡಿನ್ 25 ಅಮೈನೋ ಆಮ್ಲಗಳ ಪುಟ್ಟ ಪೆಪ್ಟೈಡ್, ಅದು ಬ್ಯಾಕ್ಟೀರಿಯಾದ ಪೊರೆಯನ್ನು ಭೇದಿಸುತ್ತದೆ.

ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಒಂದು ಕ್ಯಾಟ್‌ಫಿಶ್‌ನ ಪ್ಯಾರಾಸಿನ್. ಡಿಎನ್‌ಎ ಸುತ್ತಿಕೊಳ್ಳಲು ನೆರವಾಗುವ ಹಿಸ್ಟೋನ್ ಪ್ರೋಟೀನಿದೆಯಲ್ಲ, ಚರ್ಮಕ್ಕೆ ಗಾಯವಾದಾಗ ಒಂದು ಕಿಣ್ವ ಅದರಿಂದ 19 ಅಮೈನೋ ಆಮ್ಲಗಳ ತುಣುಕನ್ನು ಕತ್ತರಿಸಿ ಕೊಡುತ್ತದೆ. ಆ ತುಣುಕೇ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಇಂಥದ್ದನ್ನು ‘ನಿರೋಧಕ’ ಎಂದು ಕರೆದರೆ ಅದರ ಕಸುವೇ ಮರೆಯಾಗುತ್ತದೆ.

ಆದ್ದರಿಂದ ನನ್ನ ಒಲವು ಹೀಗಿದೆ: ಕೊಲ್ಲುವುದಕ್ಕೆ ‘ಬ್ಯಾಕ್ಟೀರಿಯಾ ನಾಶಕ’, ಬೆಳವಣಿಗೆ ನಿಲ್ಲಿಸುವುದಕ್ಕೆ ‘ಬ್ಯಾಕ್ಟೀರಿಯಾ ತಡೆಕ’, ಜಗ್ಗದಿರುವುದಕ್ಕೆ ಮಾತ್ರ ‘ನಿರೋಧಕ’. ‘ರೋಗನಿರೋಧಕ ಶಕ್ತಿ’ಯಲ್ಲೂ ಎದುರಿಸಿ ನಿಲ್ಲುವ ಅರ್ಥವೇ ಇದೆ, ಹಾಗಾಗಿ ಅದು ಇದಕ್ಕೆ ಹೊಂದುತ್ತದೆ. ‘ತಡೆಕ’ ಕಿವಿಗೆ ಸ್ವಲ್ಪ ಒರಟು, ಬೇರೆ ಪದ ಹೊಳೆದಿಲ್ಲ.

ಎಲ್ಲವನ್ನೂ ಒಳಗೊಳ್ಳುವ ಪದವೂ ಬೇಕು. ‘ಪ್ರತಿಜೀವಕ’ (ಆಂಟಿಬಯೋಟಿಕ್) ಎಂದರೆ ಹೆಚ್ಚಿನವರಿಗೆ ವೈದ್ಯರು ಬರೆದುಕೊಡುವ ಔಷಧ. ಮೇಲಾಗಿ ಲೋಳೆಯಲ್ಲಿ ಪ್ರತಿಕಾಯಗಳೂ (ಆಂಟಿಬಾಡಿ) ಇರುವುದರಿಂದ ‘ಪ್ರತಿಜೀವಕ’, ‘ಪ್ರತಿಕಾಯ’ ಅಕ್ಕಪಕ್ಕ ಬಂದು ಗೊಂದಲವಾಗುತ್ತದೆ. ಸದ್ಯಕ್ಕೆ ‘ಬ್ಯಾಕ್ಟೀರಿಯಾ ವಿರೋಧಿ’ ಎಂದು ಬರೆದಿದ್ದೇನೆ. ಸೂಕ್ಷ್ಮಜೀವಿಶಾಸ್ತ್ರವನ್ನು ಕನ್ನಡದಲ್ಲಿ ಪಾಠ ಮಾಡುವವರು ತರಗತಿಯಲ್ಲಿ ಯಾವ ಪದ ಬಳಸುತ್ತೀರಿ, ತಿಳಿಸಿ.