ಸರಾಯೆವೊದ ಡೊಬ್ರಿನ್ಯಾ ಬಡಾವಣೆಯನ್ನು ನೋಡಲು ಹೋಗುವುದು ಸಭ್ಯತೆಯೇ?

ಪ್ರಶ್ನೆ (ಸರಸ್ವತಿಪುರಂ, ಮೈಸೂರು)

ಮಗಳು ವಿಯೆನ್ನಾದಲ್ಲಿ ಓದುತ್ತಿದ್ದಾಳೆ. ಸೆಪ್ಟೆಂಬರಿನಲ್ಲಿ ನಾವು ದಂಪತಿಗಳು ಅವಳಲ್ಲಿಗೆ ಹೋದಾಗ, ನಾಲ್ಕು ದಿನದ ಮಟ್ಟಿಗೆ ಬೋಸ್ನಿಯಾದ ಸರಾಯೆವೊ ನಗರವನ್ನೂ ನೋಡಿಬರುವ ಆಲೋಚನೆಯಿದೆ. 1992ರಿಂದ 1996ರವರೆಗಿನ ಮುತ್ತಿಗೆಯ ಸುದ್ದಿಯನ್ನು ಆಗ ಪತ್ರಿಕೆಗಳಲ್ಲಿ ಓದುತ್ತಿದ್ದೆ. ಅಲ್ಲಿದ್ದ ವಿಶ್ವಸಂಸ್ಥೆಯ ಪಡೆಗೆ ನಮ್ಮ ಸತೀಶ್ ನಂಬಿಯಾರ್ ಅವರೇ ಮೊದಲ ದಂಡನಾಯಕರಾಗಿದ್ದುದರಿಂದ ಆಸಕ್ತಿ ಸ್ವಲ್ಪ ಹೆಚ್ಚೇ ಇತ್ತು. ಹಳೆಯ ಪೇಟೆಯನ್ನು ಎಲ್ಲರೂ ನೋಡುತ್ತಾರೆ. ನನಗೆ ವಿಮಾನ ನಿಲ್ದಾಣದ ಮಗ್ಗುಲಿನ ಡೊಬ್ರಿನ್ಯಾ ಬಡಾವಣೆಗೆ ಹೋಗಬೇಕೆಂದಿದೆ. ಆದರೆ ಜನ ಸಂಸಾರ ಹೂಡಿರುವ ಮನೆಗಳ ನಡುವೆ ಗುಂಡೇಟಿನ ಗುರುತು ಹುಡುಕುತ್ತ ಅಲೆಯುವುದೆಂದರೆ ಅಳುಕಾಗುತ್ತದೆ. ಹೋದವರು ತಿಳಿಸಿದರೆ ಉಪಕಾರ. ನಾವು ಸಸ್ಯಾಹಾರಿಗಳು.

ಉತ್ತರ (ಕುವೆಂಪುನಗರ, ಮೈಸೂರು)

ಧಾರಾಳವಾಗಿ ಹೋಗಿ, ಆದರೆ ಮೊದಲು ಬುತ್ಮಿರ್‌ನ ಸುರಂಗ ವಸ್ತುಸಂಗ್ರಹಾಲಯವನ್ನು ನೋಡಿ, ಆಮೇಲೆ ಡೊಬ್ರಿನ್ಯಾಕ್ಕೆ ಹೋಗಿ. ನಗರದ ಸುತ್ತ ಸರ್ಬ್ ಪಡೆಗಳಿದ್ದಾಗ ವಿಮಾನ ನಿಲ್ದಾಣ ವಿಶ್ವಸಂಸ್ಥೆಯ ವಶದಲ್ಲಿತ್ತು. ಅದರ ರನ್‌ವೇ ಅಡಿಯಲ್ಲಿ, ಮುತ್ತಿಗೆಯ ಹೊರಗಿದ್ದ ಬುತ್ಮಿರ್‌ನಿಂದ ಒಳಗಿದ್ದ ಡೊಬ್ರಿನ್ಯಾಕ್ಕೆ, 1993ರಲ್ಲಿ ಸುಮಾರು 800 ಮೀಟರ್ ಸುರಂಗ ತೋಡಿದರು. ಈಗ ಒಳಗೆ ನಡೆಯಲು ಸಿಗುವುದು ಅದರ ಒಂದು ತುಣುಕು ಮಾತ್ರ. ನಾನಂತೂ ತಲೆ ಬಗ್ಗಿಸಿಕೊಂಡೇ ನಡೆದೆ. ಅದರಲ್ಲೇ ಹಿಟ್ಟಿನ ಮೂಟೆಯನ್ನೂ ಗಾಯಾಳುಗಳನ್ನೂ ಹೊತ್ತು ಸಾಗಿದವರನ್ನು ನೆನೆದರೆ ಸೊಂಟ ಹಿಡಿಯಿತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಡೊಬ್ರಿನ್ಯಾ 1984ರ ಚಳಿಗಾಲದ ಒಲಿಂಪಿಕ್ಸ್ ಹೊತ್ತಿಗೆ ಎದ್ದ ಬಡಾವಣೆ. ಮುತ್ತಿಗೆಯ ಮೊದಲ ತಿಂಗಳುಗಳಲ್ಲಿ ಇದು ನಗರದಿಂದಲೂ ಕಡಿದುಹೋಗಿತ್ತು. 1993ರ ಜೂನ್ 1ರಂದು ಇಲ್ಲಿಯ ವಾಹನ ನಿಲುಗಡೆಯ ಜಾಗದಲ್ಲಿ ಫುಟ್ಬಾಲ್ ಆಡುತ್ತಿದ್ದವರ, ನೋಡುತ್ತಿದ್ದವರ ಮೇಲೆಯೂ, ಜುಲೈ 12ರಂದು ನೀರಿಗೆ ಸಾಲು ನಿಂತವರ ಮೇಲೆಯೂ ಶೆಲ್ ಬಿದ್ದವು. ಇವೂ ಸೇರಿದ್ದ ಮೊಕದ್ದಮೆಯಲ್ಲೇ, ಮುತ್ತಿಗೆ ಹಾಕಿದ್ದ ಸರ್ಬ್ ಪಡೆಯ ಜನರಲ್ ಸ್ತಾನಿಸ್ಲಾವ್ ಗಾಲಿಚ್‌ಗೆ ಹೇಗ್‌ನ ಯುದ್ಧಾಪರಾಧ ನ್ಯಾಯಮಂಡಳಿ 2006ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಇಷ್ಟು ತಿಳಿದು ಹೋದರೆ ಸಾಕು; ಗೋಡೆ ಹುಡುಕಬೇಕಿಲ್ಲ. ನಾನು ಕಂಡ ಒಂದು ಬಾಲ್ಕನಿಯ ಕೆಳಗೆ ಗಾರೆಯ ತೇಪೆ ಮಿಕ್ಕ ಗೋಡೆಗಿಂತ ಬೆಳ್ಳಗಿತ್ತು, ಮೇಲೆ ಮಗುವಿನ ಅಂಗಿಗಳು ಒಣಗುತ್ತಿದ್ದವು. ಕ್ಯಾಮೆರಾ ತೆಗೆದಿದ್ದೆ, ಒಳಗಿಟ್ಟೆ.

ಊಟದ ಚಿಂತೆ ಬೇಡ. ಅಲ್ಲಿ ಬುರೆಕ್ ಎಂದರೆ ಮಾಂಸದ್ದೇ, ಅದನ್ನು ಬಿಟ್ಟು ಚೀಸಿನ ಸಿರ್ನಿತ್ಸ ಅಥವಾ ಆಲೂಗಡ್ಡೆಯ ಕ್ರೊಂಪಿರುಶ ಕೇಳಿ.

ಉತ್ತರ (ಶ್ರೀರಂಗಪಟ್ಟಣ, ಮಂಡ್ಯ ಜಿಲ್ಲೆ)

ನಮ್ಮ ಮನೆ ಕೋಟೆಯೊಳಗೇ ಇರುವುದರಿಂದ ನೋಡಿಸಿಕೊಳ್ಳುವವರ ಪರವಾಗಿ ಒಂದು ಮಾತು. ಟಿಪ್ಪು ಬಿದ್ದ ಜಾಗ ಎಲ್ಲಿ ಎಂದು ವಾರಕ್ಕೆ ಹತ್ತು ಮಂದಿಯಾದರೂ ನಮ್ಮ ಬಾಗಿಲಲ್ಲಿ ಕೇಳುತ್ತಾರೆ, ನಾವು ಕೈ ತೋರಿಸಿ ಒಳಗೆ ಹೋಗುತ್ತೇವೆ. ಬೇಸರವಿಲ್ಲ, ಏಕೆಂದರೆ 1799ನ್ನು ಕಂಡವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಡೊಬ್ರಿನ್ಯಾದಲ್ಲಿ ನೀವು ದಾರಿ ಕೇಳುವ ಐವತ್ತು ದಾಟಿದವರು ಆ ನೀರಿನ ಸಾಲಿನಲ್ಲೇ ನಿಂತಿದ್ದವರಾಗಿರಬಹುದು. ಅವರಾಗಿ ಹೇಳಿದರೆ ಕೇಳಿ. ನೀವಾಗಿ ಯುದ್ಧದ ಮಾತು ತೆಗೆಯಬೇಡಿ, ನೀವು ಯಾವ ಕಡೆಯವರು ಎಂದಂತೂ ಕೇಳಲೇಬೇಡಿ.

ಉತ್ತರ (ಕುವೆಂಪುನಗರ, ಮೈಸೂರು)

ಕೊನೆಯ ಮಾತು ಬಹಳ ಮುಖ್ಯ. ಯುದ್ಧ ಮುಗಿಸಿದ 1995ರ ಡೇಟನ್ ಒಪ್ಪಂದ ದೇಶದೊಳಗೇ ಬೋಸ್ನಿಯಾಕ್-ಕ್ರೊಯಾಟರ ಭಾಗಕ್ಕೂ ಸರ್ಬರ ಭಾಗಕ್ಕೂ ನಡುವೆ ಎಳೆದ ಗಡಿರೇಖೆ ಈ ಬಡಾವಣೆಯ ನಡುವೆಯೇ ಹಾದಿತ್ತು, ತಕರಾರು ಮಧ್ಯಸ್ಥಿಕೆಯಲ್ಲಿ ಇತ್ಯರ್ಥವಾದದ್ದು 2001ರಲ್ಲಿ. ಇಂದು ಅಲ್ಲಿ ಬೇಲಿಯಿಲ್ಲ, ಕಾವಲಿಲ್ಲ; ಸ್ವಲ್ಪ ದೂರ ನಡೆದರೆ ಫಲಕಗಳಲ್ಲಿ ಸರ್ಬರು ಬಳಸುವ ಸಿರಿಲಿಕ್ ಲಿಪಿ ಕಾಣತೊಡಗುತ್ತದೆ, ಅಷ್ಟೇ. ಸುತ್ತಲ ಗುಡ್ಡಗಳಿಗೆ ಹೋಗುವುದಾದರೆ ನೆಲಬಾಂಬಿನ ಎಚ್ಚರಿಕೆಯ ಫಲಕವಿರುವೆಡೆ ಕಾಲುದಾರಿ ಬಿಟ್ಟು ಇಳಿಯಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ಒಂದು ಬೆಳಗ್ಗೆ ಸುರಂಗ, ಮಧ್ಯಾಹ್ನ ಡೊಬ್ರಿನ್ಯಾದ ಯಾವುದಾದರೂ ಕಾಫಿ ಅಂಗಡಿಯಲ್ಲಿ ಒಂದು ಗಂಟೆ, ಇಷ್ಟಕ್ಕೇ ನಿಲ್ಲಿಸುತ್ತೇವೆ. ಕ್ಯಾಮೆರಾವನ್ನು ಹೋಟೆಲಿನಲ್ಲೇ ಬಿಡಬೇಕೆಂದು ಪತ್ನಿಯ ಅಪ್ಪಣೆಯಾಗಿದೆ.